ಸತ್ತವರ ಕೈಲಿ ದುಡಿಸಿಕೊಳ್ಳಬಹುದಾ? ಫ್ಯಾಂಟಸಿ ಲೋಕ ಕಟ್ಟುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಫ್ಯಾಂಟಸಿ ಕಥೆ ಬರೆಯುವವರಿಗೆ, ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ಆಟ ನಡೆಸುವವರಿಗೆ ಇವತ್ತಲ್ಲ ನಾಳೆ ಈ ಪ್ರಶ್ನೆ ಎದುರಾಗುತ್ತದೆ. ಹೆಣ ಎಬ್ಬಿಸುವ ಮಂತ್ರ ಇದೆ ಅಂತಾದ ಮೇಲೆ ಅದರ ಕೈಗೆ ಕತ್ತಿಯನ್ನೇ ಯಾಕೆ ಕೊಡಬೇಕು? ಗುದ್ದಲಿ ಕೊಟ್ಟರಾಗದಾ? ನಾನು ಇಂಥ ಆಟ ನಡೆಸಲು ಶುರು ಮಾಡಿ ಬಹಳ ವರ್ಷವಾಯಿತು. ಆಟಗಾರರು ತಮ್ಮ ತಮ್ಮ ಪಾತ್ರ ಆಡುತ್ತಾರೆ, ಆ ಲೋಕದ ಮಿಕ್ಕವರನ್ನೆಲ್ಲ ನಾನು ಆಡಿಸುತ್ತೇನೆ. ಒಮ್ಮೆ ನನ್ನ ಆಟಗಾರರು ಒಂದು ಹಳೇ ಯುದ್ಧಭೂಮಿ ಅಗೆದು, ನಲವತ್ತು ಅಸ್ಥಿಪಂಜರ ಎಬ್ಬಿಸಿ, ಹಿಟ್ಟಿನ ಗಿರಣಿ ತೆರೆದರು. ಕೆಳಗಿನ ಉತ್ತರಗಳಲ್ಲಿ ಅರ್ಧದಷ್ಟು ಆ ಗಿರಣಿ ಕಲಿಸಿದ ಪಾಠ. ಉಳಿದರ್ಧ ನಿಜವಾದ ಇತಿಹಾಸ. ಅದು ನಮ್ಮ ಆಟಕ್ಕಿಂತ ಭಯಂಕರವಾಗಿದೆ.

ಇಲ್ಲಿ ‘ಸತ್ತವರು’ ಅಂದರೆ ಯಾರ್ಯಾರು?

ಸತ್ತ ಮೇಲೂ ಓಡಾಡುವ ದೇಹಗಳು. ಬರೀ ಮೂಳೆಯಾದರೆ ಅಸ್ಥಿಪಂಜರ, ಮಾಂಸವೂ ಇದ್ದರೆ ಜೋಂಬಿ. ಬುದ್ಧಿ ಉಳಿಸಿಕೊಂಡ ರಕ್ತಪಿಶಾಚಿ, ದೆವ್ವ, ಸಾವನ್ನು ಗೆದ್ದ ಮಾಂತ್ರಿಕ, ಇವರ ಕಥೆ ಬೇರೆ. ಅವರ ಬಗ್ಗೆ ಕೊನೆಯ ಹತ್ತಿರ ಒಂದು ಪ್ರಶ್ನೆ ಇದೆ.

ಸತ್ತವರನ್ನು ಕೂಲಿಗೆ ಹಚ್ಚುವುದು ಇತ್ತೀಚಿನ ಗೇಮಿಂಗ್ ತಮಾಷೆ ಅಲ್ವಾ?

ಅಲ್ಲ, ಉಲ್ಟಾ. ಜೋಂಬಿ ಹುಟ್ಟಿದ್ದೇ ಕೂಲಿಯಾಳಾಗಿ. ಮನುಷ್ಯರನ್ನು ಅಟ್ಟಿಸಿಕೊಂಡು ಬಂದು ತಿನ್ನುವ ಜೋಂಬಿ 1968ರ ಒಂದು ಅಮೆರಿಕನ್ ಸಿನಿಮಾದ ನಂತರ ಗಟ್ಟಿಯಾಗಿ ನಿಂತ ಕಲ್ಪನೆ. ಅದಕ್ಕೂ ಮೊದಲಿನ ಜೋಂಬಿ ಹೈಟಿ ದೇಶದ್ದು.

ಹೈಟಿ ಆಗ ಫ್ರೆಂಚರ ವಸಾಹತು. ಹೆಸರು ಸೇಂಟ್ ಡೊಮಿಂಗ್. ಅಲ್ಲಿನ ಕಬ್ಬಿನ ತೋಟಗಳಲ್ಲಿ, ಸಕ್ಕರೆ ಕಾರ್ಖಾನೆಗಳಲ್ಲಿ 18ನೇ ಶತಮಾನದ ಕೊನೆಗೆ ಹತ್ತಿರ ಹತ್ತಿರ 5 ಲಕ್ಷ ಆಫ್ರಿಕನ್ ಗುಲಾಮರು ದುಡಿಯುತ್ತಿದ್ದರು. ಜನ ಸಾಯುತ್ತಿದ್ದ ವೇಗಕ್ಕೆ ಹೊಸಬರನ್ನು ಹಡಗಿನಲ್ಲಿ ತಂದು ತಂದು ತುಂಬಬೇಕಾಗುತ್ತಿತ್ತು. 1791ರಲ್ಲಿ ಅವರು ದಂಗೆ ಎದ್ದರು. 1804ರಲ್ಲಿ ಹೈಟಿ ಸ್ವತಂತ್ರವಾಯಿತು. ಆದರೆ ಒಂದು ಭಯ ಕಥೆಯಾಗಿ ಉಳಿಯಿತು. ಸತ್ತರೆ ಬಿಡುಗಡೆ ಅಂದುಕೊಂಡಿದ್ದೆವು, ಸತ್ತ ಮೇಲೂ ಎಬ್ಬಿಸಿ ದುಡಿಸಿದರೆ? ಅಲ್ಲಿನ ಜನಕ್ಕೆ ಜೋಂಬಿ ಬಂದು ಕಚ್ಚೀತು ಅನ್ನುವ ಹೆದರಿಕೆ ಇರಲಿಲ್ಲ. ನಾನೇ ಜೋಂಬಿ ಆಗಿಬಿಟ್ಟರೆ ಅನ್ನುವ ಹೆದರಿಕೆ ಇತ್ತು.

ಮೊದಲ ಪೂರ್ಣ ಪ್ರಮಾಣದ ಜೋಂಬಿ ಸಿನಿಮಾ ಎಂದು ಹೆಸರಾದದ್ದು ಬಂದಿದ್ದು 1932ರಲ್ಲಿ. ಅದರಲ್ಲೂ ಜೋಂಬಿಗಳು ಸಕ್ಕರೆ ಗಿರಣಿ ತಿರುಗಿಸುತ್ತವೆ. ಒಬ್ಬ ಆಯ ತಪ್ಪಿ ಗಿರಣಿಯೊಳಕ್ಕೇ ಬೀಳುತ್ತಾನೆ. ಉಳಿದವರು ತಿರುಗಿಯೂ ನೋಡದೆ ತಮ್ಮ ಪಾಡಿಗೆ ತಿರುಗಿಸುತ್ತಲೇ ಇರುತ್ತಾರೆ. ಈ ವಿಷಯದ ಬಗ್ಗೆ ನೂರು ಪುಟ ಬರೆದರೂ ಆ ಒಂದು ದೃಶ್ಯದಷ್ಟು ಹೇಳಲಾಗದು.

ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ಹೈಟಿಯ ನಂಬಿಕೆಯಲ್ಲಿ ಜೋಂಬಿಗೆ ಉಪ್ಪು ತಿನ್ನಿಸಬಾರದು. ತಿಂದರೆ ತಾನು ಸತ್ತಿದ್ದೇನೆ ಅನ್ನುವುದು ಅದಕ್ಕೆ ನೆನಪಾಗಿ, ಸೀದಾ ತನ್ನ ಗೋರಿಯ ಕಡೆಗೆ ನಡೆದುಬಿಡುತ್ತದೆ. ನಮ್ಮ ಮಾತಿನಲ್ಲಿ ಉಪ್ಪು ತಿಂದವನು ಯಜಮಾನನಿಗೆ ಕಟ್ಟುಬೀಳುತ್ತಾನೆ. ಅಲ್ಲಿ ಉಪ್ಪು ತಿಂದವನೇ ಬಿಡಿಸಿಕೊಂಡು ಹೋಗುತ್ತಾನೆ. ನಿಮ್ಮ ಲೋಕದಲ್ಲಿ ಮಂತ್ರ ಮುರಿಯುವ ದಾರಿ ಹುಡುಕುತ್ತಿದ್ದರೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಅಡುಗೆಮನೆಯಲ್ಲಿ ಯಾರೋ ಸುಮ್ನೆ ಒಂದು ಚಿಟಿಕೆ ಹಾಕಿದರೆ ಸಾಕು, ಇಡೀ ಕಾರ್ಖಾನೆ ಎದ್ದು ನಡೆದುಹೋಗುತ್ತದೆ.

ಲೆಕ್ಕ ಹಾಕಿ ನೋಡೋಣ. ಒಂದು ಅಸ್ಥಿಪಂಜರದಿಂದ ಎಷ್ಟು ಕೆಲಸ ಆಗುತ್ತದೆ?

ಗಟ್ಟಿಮುಟ್ಟಾದ ಮನುಷ್ಯ ಇಡೀ ದಿನ ಒಂದೇ ಸಮನೆ ದುಡಿದರೆ ಹೊರಬರುವ ಶಕ್ತಿ ಸುಮಾರು 75 ವ್ಯಾಟ್. ಎಂಟು ಗಂಟೆಗೆ 600 ವ್ಯಾಟ್-ಅವರ್, ಅಂದರೆ ಅರ್ಧ ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ. ಅಸ್ಥಿಪಂಜರಕ್ಕೆ ನಿದ್ದೆ ಬೇಡ, ಊಟ ಬೇಡ. ಇಪ್ಪತ್ನಾಲ್ಕು ಗಂಟೆ ದುಡಿಸಿದರೆ 1.8 ಯೂನಿಟ್.

ಒಂದು ಅಶ್ವಶಕ್ತಿ ಅಂದರೆ 746 ವ್ಯಾಟ್. ಅಂದರೆ ಹತ್ತು ಅಸ್ಥಿಪಂಜರ ಸೇರಿದರೆ ಒಂದು ಕುದುರೆ. ಕುದುರೆಗೆ ಎಂಟು ಗಂಟೆಯ ನಂತರ ಲಾಯ ಬೇಕು, ಇವಕ್ಕೆ ಬೇಡ. ಹಾಗಾಗಿ ಹತ್ತು ಅಸ್ಥಿಪಂಜರ ಪಾಳಿಯ ಮೇಲೆ ದುಡಿಯುವ ಮೂರು ಕುದುರೆಗೆ ಸಮ ಅನ್ನಬಹುದು. ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ.

ಆದರೆ ತೂಕ ಮರೆತಿರಿ. ಪೂರ್ತಿ ಒಣಗಿದ ಮನುಷ್ಯನ ಮೂಳೆಗಳ ತೂಕ ಐದು ಕಿಲೋ ಆಸುಪಾಸು. ಮಧ್ಯಯುಗದಲ್ಲಿ ದೊಡ್ಡ ಕಟ್ಟಡಗಳಿಗೆ ಕಲ್ಲು ಎತ್ತಲು ಆಳುದ್ದಕ್ಕಿಂತ ದೊಡ್ಡ ಮರದ ಚಕ್ರ ಇರುತ್ತಿತ್ತು. ಅದರೊಳಗೆ ಮನುಷ್ಯರು ನಡೆಯುತ್ತಿದ್ದರು. ಆ ಚಕ್ರ ತಿರುಗುತ್ತಿದ್ದದ್ದು ನಡೆಯುವವನ ಮೈಭಾರದಿಂದ. ಐದು ಕಿಲೋದ ಆಳನ್ನು ಅದರೊಳಗೆ ಬಿಟ್ಟರೆ ಅವನು ನಡೆಯುತ್ತಾನೆ, ಚಕ್ರ ಅಲ್ಲಾಡುವುದಿಲ್ಲ. ಹಗ್ಗ ಎಳೆಸಿದರೂ ಅಷ್ಟೇ. ಭಾರ ಬರುವ ಬದಲು ಅವನೇ ಜಾರಿಕೊಂಡು ಭಾರದ ಕಡೆಗೆ ಹೋಗುತ್ತಾನೆ.

ನನ್ನ ಆಟಗಾರರಿಗೆ ಇದನ್ನು ಹೇಳಿದಾಗ ಐದು ನಿಮಿಷ ಗಲಾಟೆ. ಆಮೇಲೆ ಒಬ್ಬ ಪಕ್ಕೆಲುಬಿನ ಗೂಡಿನೊಳಗೆ ಮರಳಿನ ಚೀಲ ತುಂಬಿಸಿ ಹೊಲಿಯೋಣ ಅಂದ. ಒಪ್ಪಿದೆ. ಆ ದಿನದಿಂದ ಗಿರಣಿಯಲ್ಲಿ ಚಕ್ರದ ಸದ್ದಿನ ಜೊತೆ ಮರಳು ಸೋರುವ ಸದ್ದೂ ಸೇರಿತು. ವಾರಕ್ಕೊಮ್ಮೆ ಯಾರಾದರೂ ಚೀಲ ತುಂಬಬೇಕು. ಪುಕ್ಕಟೆ ಆಳಿಗೆ ಮೊದಲ ಖರ್ಚು ಹುಟ್ಟಿದ್ದು ಹೀಗೆ.

ಆಟದ ನಿಯಮ ಇದಕ್ಕೆ ಏನು ಹೇಳುತ್ತದೆ?

ಒಂದೊಂದು ಆಟದಲ್ಲಿ ಒಂದೊಂದು ಥರ. ಜಾಸ್ತಿ ಜನ ಕೇಳುವುದು 1974ರಿಂದ ನಡೆದು ಬಂದಿರುವ ಡಂಜನ್ಸ್ ಅಂಡ್ ಡ್ರಾಗನ್ಸ್ ಬಗ್ಗೆ. ಅದರ 2014ರ ಆವೃತ್ತಿಯಲ್ಲಿ ಹೆಣ ಎಬ್ಬಿಸುವ ಮಂತ್ರ ಮೂರನೇ ಹಂತದ್ದು. ಎದ್ದದ್ದು 24 ಗಂಟೆ ಮಾತ್ರ ಮಾತು ಕೇಳುತ್ತದೆ. ಅವಧಿ ಮುಗಿಯುವ ಮೊದಲು ಮತ್ತೆ ಮಂತ್ರ ಹಾಕಿದರೆ ಹಳೆಯ ನಾಲ್ಕರವರೆಗೆ ಹಿಡಿತ ಮುಂದುವರಿಯುತ್ತದೆ. ಮರೆತರೆ ಅದು ನಿಮ್ಮ ಆಳಲ್ಲ.

ಈಗ ಲೆಕ್ಕ ಮಾಡಿ. ಈ ಮಂತ್ರ ಆಗಷ್ಟೇ ಕಲಿತ ಐದನೇ ಹಂತದ ಮಾಂತ್ರಿಕನಿಗೆ ದಿನಕ್ಕೆ ಮೂರನೇ ಹಂತದ ಮಂತ್ರ ಎರಡು ಸಲ ಹಾಕಲು ಬರುತ್ತದೆ. ಎರಡನ್ನೂ ಇದಕ್ಕೇ ಸುರಿದರೆ ಎಂಟು ಅಸ್ಥಿಪಂಜರ ಕೈಯಲ್ಲಿರುತ್ತವೆ. ಎಂಟು, ಅಂದರೆ ಒಂದು ಕುದುರೆಗೂ ಕಡಿಮೆ! ಊರಿಗೆಲ್ಲ ದೊಡ್ಡ ಮಂತ್ರವಾದಿ, ಮಾಡುತ್ತಿರುವುದು ಮುಕ್ಕಾಲು ಕುದುರೆಯ ಕೆಲಸ. ಜ್ವರ ಬಂದರೂ ರಜೆ ಇಲ್ಲ. ಒಂದು ದಿನ ಮಲಗಿಬಿಟ್ಟರೆ ಮಾರನೇ ಬೆಳಿಗ್ಗೆ ಎಂಟು ಆಳು ಗುದ್ದಲಿ ಹಿಡಿದು ಅವನ ಮನೆ ಬಾಗಿಲಿಗೇ ಬರುತ್ತಾರೆ. ಇಲ್ಲಿ ನಿಜವಾದ ಜೀತದಾಳು ಯಾರು ಅಂತ ನೀವೇ ಹೇಳಿ.

ನಮ್ಮ ಗಿರಣಿಗೋಸ್ಕರ ನಾನು ಈ ನಿಯಮ ಸಡಿಲಿಸಿದ್ದೆ. ಒಮ್ಮೆ ಎದ್ದರೆ ಮೂಳೆ ಮುರಿಯುವ ತನಕ ಕೆಲಸ ಅಂತ ಇಟ್ಟುಕೊಂಡೆವು. ಇಲ್ಲದಿದ್ದರೆ ಆಟ ಮೊದಲ ವಾರವೇ ದಿವಾಳಿ.

ಬುದ್ಧಿ ಇಲ್ಲದ ಆಳಿಗೆ ಕೆಲಸ ಹೇಳುವುದು ಹೇಗೆ?

ಇದು ತುಂಬಾ ಹಳೇ ತಲೆನೋವು. ‘ಕೆಲಸ ಕೊಡ್ತಾ ಇರು, ಕೊಡದಿದ್ರೆ ನಿನ್ನೇ ತಿಂತೀನಿ’ ಅನ್ನುವ ಭೂತದ ಕಥೆ ಎಲ್ಲರೂ ಚಿಕ್ಕಂದಿನಲ್ಲಿ ಕೇಳಿರುತ್ತೀರಿ. ಹೇಳಿದ್ದನ್ನೆಲ್ಲ ಅದು ಕ್ಷಣದಲ್ಲಿ ಮುಗಿಸುತ್ತದೆ. ಕೊನೆಗೆ ಯಜಮಾನ ಒಂದು ಕಂಬ ನೆಡಿಸಿ, ಹತ್ತು, ಇಳಿ, ಹತ್ತು, ಇಳಿ ಅನ್ನುತ್ತಾನೆ. ಜಾಣತನದ ಕಥೆ ಅಂತ ಹೇಳುತ್ತಾರೆ. ನನಗೆ ಅದು ಕೆಟ್ಟ ಮೇಸ್ತ್ರಿಯ ಕಥೆ ಅನಿಸುತ್ತದೆ. ಕೈಯಲ್ಲಿ ಅಷ್ಟು ಶಕ್ತಿ ಇದ್ದೂ ಅವನಿಗೆ ಹೊಳೆದ ಕೆಲಸ ಕಂಬ ಹತ್ತಿಸುವುದೊಂದೇ.

ಜರ್ಮನ್ ಕವಿ ಗಯಟೆ 1797ರಲ್ಲಿ ಬರೆದ ಕವನದಲ್ಲಿ ಇದರ ಇನ್ನೊಂದು ಮುಖ ಇದೆ. ಮಂತ್ರವಾದಿಯ ಶಿಷ್ಯ ಪೊರಕೆಗೆ ಜೀವ ಕೊಟ್ಟು ನೀರು ಹೊರಿಸುತ್ತಾನೆ. ನಿಲ್ಲಿಸುವ ಮಂತ್ರ ಮರೆತಿದ್ದಾನೆ. ಕೊಡಲಿಯಿಂದ ಸೀಳಿದರೆ ಎರಡು ಪೊರಕೆಯಾಗಿ ಎರಡೂ ನೀರು ತರುತ್ತವೆ.

ನಮ್ಮ ಗಿರಣಿಯಲ್ಲಿ ಆಗಿದ್ದು ಇಷ್ಟು ದೊಡ್ಡದಲ್ಲ, ಆದರೆ ನನ್ನ ತಲೆಯಿಂದ ಹೋಗುವುದಿಲ್ಲ. ಒಂದು ಅಸ್ಥಿಪಂಜರಕ್ಕೆ ಬಾವಿಯಿಂದ ನೀರು ಸೇದು ಅಂತ ಹೇಳಿದ್ದರು. ರಾತ್ರಿ ಹಗ್ಗ ಕಡಿದು ಕೊಡ ಬಾವಿಗೆ ಬಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ಅದು ಇನ್ನೂ ರಾಟೆಯ ಹಿಡಿ ತಿರುಗಿಸುತ್ತಲೇ ಇದೆ. ತುಂಡು ಹಗ್ಗ ಮೇಲೆ ಬರುತ್ತದೆ, ಕೆಳಗೆ ಇಳಿಯುತ್ತದೆ. ಇಲ್ಲದ ಕೊಡವನ್ನು ಎತ್ತಿ, ಇಲ್ಲದ ನೀರನ್ನು ತೊಟ್ಟಿಗೆ ಬಗ್ಗಿಸಿ, ಮತ್ತೆ ಹಿಡಿಗೆ ಕೈ. ಬೆರಳ ತುದಿಯ ಮೂಳೆಗಳು ಸವೆದು ಚೂಪಾಗಿದ್ದವು. ಮೇಜಿನ ಸುತ್ತ ಯಾರೂ ನಗಲಿಲ್ಲ.

ಕೆಲಸಕ್ಕೆ ಬರುವ ಸಲಹೆ: ‘ಸೇದು’ ಅನ್ನಬೇಡಿ, ‘ಕೊಡ ಇರುವ ತನಕ, ತೊಟ್ಟಿ ತುಂಬುವ ತನಕ ಸೇದು’ ಅನ್ನಿ. ಪ್ರತಿ ಅಪ್ಪಣೆಗೂ ನಿಲ್ಲುವ ಜಾಗ ಇರಲಿ. ಪ್ರತಿ ಹತ್ತು ಆಳಿಗೆ ಬದುಕಿರುವ ಒಬ್ಬ ಮೇಸ್ತ್ರಿ ಇರಲಿ. ಅವನಿಗೆ ಸಂಬಳ ಕೊಡಬೇಕು. ಖರ್ಚು ನಂಬರ್ ಎರಡು.

ಜೋಂಬಿ ಒಳ್ಳೆಯದಾ, ಅಸ್ಥಿಪಂಜರ ಒಳ್ಳೆಯದಾ?

ತೂಕಕ್ಕೆ ಜೋಂಬಿ, ಬಾಳಿಕೆಗೆ ಅಸ್ಥಿಪಂಜರ. ಸತ್ತ ಕೆಲವೇ ಗಂಟೆಯಲ್ಲಿ ದೇಹ ಸೆಟೆಯಲು ಶುರುವಾಗಿ, ಹನ್ನೆರಡು ಗಂಟೆಯ ಹೊತ್ತಿಗೆ ಮೈಯೆಲ್ಲ ಬಿಗಿಯುತ್ತದೆ. ಒಂದೂವರೆ-ಎರಡು ದಿನದಲ್ಲಿ ಮತ್ತೆ ಸಡಿಲವಾಗುತ್ತದೆ. ಹಾಗಾಗಿ ಹೊಸ ಹೆಣ ಮೊದಲ ದಿನ ಕೆಲಸಕ್ಕೆ ಬಾರದು. ಸಡಿಲವಾದ ಮೇಲೆ ಕೊಳೆಯುವ ಓಟ ಶುರು. ಸೆಕೆಗಾಲವಾದರೆ ಇನ್ನೂ ಬೇಗ.

ಹೆಣದಿಂದ ರೋಗ ಹರಡಿ ಊರೇ ಹಾಳಾಗುತ್ತದೆ ಅಂತ ಜನ ಬರೆಯುತ್ತಾರೆ. ಅದು ಅಷ್ಟು ಸರಳ ಅಲ್ಲ. ಗಾಯದಿಂದ, ಪ್ರವಾಹದಲ್ಲಿ, ಭೂಕಂಪದಲ್ಲಿ ಸತ್ತವರ ದೇಹದಿಂದ ಸಾಮಾನ್ಯವಾಗಿ ಸಾಂಕ್ರಾಮಿಕ ಹುಟ್ಟುವುದಿಲ್ಲ. ಕಾಲರಾ, ಎಬೋಲಾದಂಥ ರೋಗದಿಂದ ಸತ್ತವರ ವಿಷಯದಲ್ಲಿ ಮಾತ್ರ ನಿಜವಾಗಿ ಹುಷಾರಾಗಿರಬೇಕು. ಕುಡಿಯುವ ನೀರಿನ ಹತ್ತಿರ ಮಾತ್ರ ಯಾವ ಹೆಣವನ್ನೂ ಬಿಡಬೇಡಿ. ಹಿಟ್ಟಿನ ಗಿರಣಿಗಂತೂ ಜೋಂಬಿ ಬೇಡವೇ ಬೇಡ. ಗಿರಾಕಿ ಬರಬೇಕಲ್ಲ?

ಎತ್ತು, ಕುದುರೆಯ ಮೂಳೆ ಎಬ್ಬಿಸಿದರೆ ಈ ತಕರಾರೇ ಇರುವುದಿಲ್ಲವಲ್ಲ?

ಬಹುಪಾಲು ಇರುವುದಿಲ್ಲ. ಶಕ್ತಿಯೂ ಜಾಸ್ತಿ. ನಿಮ್ಮ ಮಾಂತ್ರಿಕ ಎತ್ತು ಬಿಟ್ಟು ಮನುಷ್ಯರನ್ನೇ ಎಬ್ಬಿಸುತ್ತಿದ್ದರೆ ಯಾಕೆ ಅಂತ ಅವನನ್ನು ಕೇಳಿ. ಆ ಉತ್ತರದಲ್ಲಿ ಅವನ ಬಣ್ಣ ಬಯಲಾಗುತ್ತದೆ.

ಮೂಳೆಗೆ ನೋವಿಲ್ಲ, ನೆನಪಿಲ್ಲ. ಹಾಗಿದ್ದಮೇಲೆ ತಪ್ಪೇನು?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ಮೊದಲು ನಿಮ್ಮ ಲೋಕದ ಮಂತ್ರ ಏನು ಮಾಡುತ್ತದೆ ಅಂತ ಗಟ್ಟಿಮಾಡಿಕೊಳ್ಳಿ. ಸತ್ತವರ ಆತ್ಮವನ್ನೇ ಎಳೆದು ತಂದು ಮೂಳೆಗೆ ಕಟ್ಟಿಹಾಕುತ್ತದಾ? ಹಾಗಿದ್ದರೆ ಚರ್ಚೆ ಮುಗಿಯಿತು, ಅದು ಗುಲಾಮಗಿರಿ. ಎಷ್ಟು ಲಾಭ ಬಂದರೂ ಅಷ್ಟೇ. ಯಾವುದೋ ಬೇರೆ ಪಿಶಾಚಿ ಬಂದು ಖಾಲಿ ದೇಹದಲ್ಲಿ ಕೂರುತ್ತದಾ, ಬೇತಾಳನ ಹಾಗೆ? ಆಗ ನೀವು ಬಾಡಿಗೆದಾರನನ್ನು ಕರೆದಿದ್ದೀರಿ, ಮನೆ ಮಾತ್ರ ಬೇರೆಯವರದ್ದು. ಒಳಗೆ ಯಾರೂ ಇಲ್ಲ, ಬರೀ ಮಂತ್ರದ ಬಲ, ಗಾಳಿಗೆ ತಿರುಗುವ ರೆಕ್ಕೆಯ ಹಾಗೆ ಅನ್ನುತ್ತೀರಾ? ಆಗಲೇ ನಿಜವಾದ ಕಷ್ಟ ಶುರುವಾಗುವುದು. ಯಾಕೆಂದರೆ ಆಗ ನೋಯುವುದು ಸತ್ತವನಿಗಲ್ಲ, ಬದುಕಿರುವವರಿಗೆ.

ನಮ್ಮ ಗಿರಣಿಯ ಮಂತ್ರ ಈ ಮೂರನೇ ಜಾತಿಯದು. ಒಳಗೆ ಯಾರೂ ಇಲ್ಲ ಅಂತ ನಾನೇ ಹೇಳಿದ್ದೆ. ಆಟಗಾರರು ನೆಮ್ಮದಿಯಾಗಿದ್ದರು. ಮೂರನೇ ತಿಂಗಳಲ್ಲಿ ಒಬ್ಬ ಮುದುಕಿಯನ್ನು ಹಿಟ್ಟು ಬೀಸಿಸಲು ಕಳಿಸಿದೆ. ಚೀಲ ಕೆಳಗಿಟ್ಟು ಸರದಿಗೆ ಕಾಯುತ್ತಾ ನಿಂತಿದ್ದಾಳೆ. ಕಾಳು ಸುರಿಯುವ ಅಸ್ಥಿಪಂಜರದ ಎಡ ಮುಂಗೈಯ ಮೂಳೆ ಯಾವತ್ತೋ ಮುರಿದು ಸೊಟ್ಟಗೆ ಕೂಡಿಕೊಂಡಿದೆ. ಮುದುಕಿ ಅದನ್ನೇ ನೋಡುತ್ತಾಳೆ. ಹತ್ತಿರ ಹೋಗಿ ಆ ಗಂಟಿನ ಮೇಲೆ ಬೆರಳಿಡುತ್ತಾಳೆ. ಅಸ್ಥಿಪಂಜರ ನಿಲ್ಲುವುದಿಲ್ಲ, ಅವಳ ಬೆರಳನ್ನೂ ಜೊತೆಗೆ ಎತ್ತಿಕೊಂಡೇ ಕಾಳು ಸುರಿಯುತ್ತದೆ. ‘ಈ ಪಟ್ಟಿ ಕಟ್ಟಿದ್ದು ನಾನೇ,’ ಅನ್ನುತ್ತಾಳೆ. ‘ಮರದಿಂದ ಬಿದ್ದಿದ್ದ. ಸರಿಯಾಗಿ ಕಟ್ಟಲು ಬರಲಿಲ್ಲ ನನಗೆ.’

ಒಳಗೆ ಯಾರೂ ಇಲ್ಲ ಅಂತ ಅವಳಿಗೆ ಹೇಳಿ ನೋಡಿ. ನನ್ನ ಆಟಗಾರರು ಹೇಳಲಿಲ್ಲ.

ಬದುಕಿದ್ದಾಗಲೇ ಒಪ್ಪಿ ಬರೆದುಕೊಟ್ಟಿದ್ದರೆ?

ಆಗ ಪರವಾಗಿಲ್ಲ ಅನಿಸುತ್ತದೆ, ಅಲ್ವಾ? ನಿಜ ಜೀವನದಲ್ಲೂ ಹಾಗೆ ಬರೆದುಕೊಟ್ಟವರಿದ್ದಾರೆ. 1832ರಲ್ಲಿ ತೀರಿಕೊಂಡ ಇಂಗ್ಲಿಷ್ ತತ್ವಜ್ಞಾನಿ ಜೆರೆಮಿ ಬೆಂತಮ್ ತನ್ನ ದೇಹವನ್ನು ಕೊಯ್ದು ಪಾಠ ಮಾಡಿ, ಆಮೇಲೆ ಮೂಳೆಗಳಿಗೆ ತನ್ನದೇ ಬಟ್ಟೆ ತೊಡಿಸಿ ಕೂರಿಸಿ ಅಂತ ಉಯಿಲು ಬರೆದಿಟ್ಟಿದ್ದ. ಯೂನಿವರ್ಸಿಟಿ ಕಾಲೇಜ್ ಲಂಡನ್‌ನಲ್ಲಿ ಅವನು ಇವತ್ತಿಗೂ ಕೂತಿದ್ದಾನೆ. ತಲೆ ಮಾತ್ರ ಮೇಣದ್ದು. ಸ್ವಂತ ಬುದ್ಧಿಯಿಂದ, ಯಾವ ಸಾಲವೂ ಇಲ್ಲದೆ, ಖುಷಿಯಿಂದ ಒಪ್ಪಿದ ಮನುಷ್ಯ.

ಆದರೆ ಎಲ್ಲರೂ ಬೆಂತಮ್ ಅಲ್ಲ. ಅದೇ ಕಾಲದ ಇನ್ನೊಂದು ಕಥೆ ಕೇಳಿ. ಆಗ ವೈದ್ಯಕೀಯ ಪಾಠಕ್ಕೆ ಹೆಣಗಳ ಕೊರತೆ. ಗೋರಿ ಅಗೆದು ಹೆಣ ಕದ್ದು ಮಾರುವುದೇ ಒಂದು ಕಸುಬಾಗಿತ್ತು. 1828ರಲ್ಲಿ ಎಡಿನ್‌ಬರೋ ನಗರದಲ್ಲಿ ಬರ್ಕ್ ಮತ್ತು ಹೇರ್ ಅನ್ನುವ ಇಬ್ಬರು ಸಿಕ್ಕಿಬಿದ್ದರು. ಅಗೆಯುವ ಕಷ್ಟವೇ ಬೇಡ ಅಂತ ಅವರು 16 ಜನರನ್ನು ಕೊಂದು ಹೆಣಗಳನ್ನು ಶರೀರಶಾಸ್ತ್ರದ ಮೇಷ್ಟ್ರೊಬ್ಬರಿಗೆ ಮಾರಿದ್ದರು. ಹೆಣಕ್ಕೆ ಬೆಲೆ ಬಂದ ಕೂಡಲೇ ಬದುಕಿರುವವರ ಬೆಲೆ ಇಳಿಯಿತು.

ಸರ್ಕಾರ ಸುಮ್ಮನೆ ಕೂರಲಿಲ್ಲ. 1832ರಲ್ಲಿ ಕಾಯ್ದೆ ತಂದಿತು. ವಾರಸುದಾರರು ಯಾರೂ ಕೇಳದ ಹೆಣಗಳನ್ನು ಪಾಠಕ್ಕೆ ಕೊಡಬಹುದು ಅಂತಾಯಿತು. ಕಳ್ಳತನ ನಿಂತಿತು, ನಿಜ. ಆದರೆ ಕೇಳುವವರಿಲ್ಲದೆ ಸಾಯುತ್ತಿದ್ದವರು ಯಾರು? ಬಡವರ ಆಶ್ರಯಮನೆಗಳಲ್ಲಿ ಇದ್ದವರು. ಬಡತನಕ್ಕೆ ಸತ್ತ ಮೇಲೂ ಶಿಕ್ಷೆ ಅಂತ ಜನ ಆ ಕಾಯ್ದೆಯನ್ನು ಬೈದರು.

ನಿಮ್ಮ ಲೋಕಕ್ಕೆ ಇದನ್ನು ತಂದು ನೋಡಿ. ‘ಸಾಲ ತೀರುವ ತನಕ ನನ್ನ ಮೂಳೆ ದುಡಿಯುತ್ತದೆ’ ಅನ್ನುವ ಪತ್ರಕ್ಕೆ ಹೆಬ್ಬೆಟ್ಟು ಒತ್ತುವವರು ಯಾರು? ಸಾಹುಕಾರನಂತೂ ಅಲ್ಲ. ಹಸಿದ ಮಕ್ಕಳು ಮನೆಯಲ್ಲಿದ್ದಾಗ ಒತ್ತಿದ ಹೆಬ್ಬೆಟ್ಟನ್ನು ಒಪ್ಪಿಗೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಪತ್ರ ಇರಬೇಕು ಅಂತಿದ್ದರೆ ಮೂರು ಷರತ್ತು ಹಾಕಿ: ಅವಧಿ ಇರಲಿ, ಸಾಯುವ ತನಕ ಯಾವಾಗ ಬೇಕಾದರೂ ಹರಿದುಹಾಕಲು ಬಿಡಿ, ಸಾಲಕ್ಕೆ ಅಡವಿಡಲು ಬಿಡಬೇಡಿ. ಮೂರನೆಯದನ್ನು ಯಾರು ಮುರಿಯುತ್ತಾರೆ ಅನ್ನುವುದರಲ್ಲೇ ಒಂದು ಕಾದಂಬರಿ ಇದೆ.

ಬದುಕಿರುವ ಕೂಲಿಕಾರರ ಗತಿ?

ಅರಿಸ್ಟಾಟಲ್ ಒಂದು ಕಡೆ ಹೇಳುತ್ತಾನೆ, ಮಗ್ಗದ ಲಾಳಿ ತಾನಾಗಿಯೇ ನೇಯುವಂತಿದ್ದರೆ ಯಜಮಾನರಿಗೆ ಗುಲಾಮರು ಬೇಕಾಗುತ್ತಿರಲಿಲ್ಲ ಅಂತ. ಕೇಳಲು ಚೆಂದ. ಲಾಳಿ ಯಾರದ್ದು ಅನ್ನುವುದನ್ನು ಅವನು ಹೇಳುವುದಿಲ್ಲ.

ರೋಮಿನ ಚಕ್ರವರ್ತಿ ವೆಸ್ಪಾಸಿಯನ್ (ಆಳಿದ್ದು ಕ್ರಿ.ಶ. 69ರಿಂದ 79) ಹತ್ತಿರ ಒಬ್ಬ ಕುಶಲಕರ್ಮಿ ಬಂದನಂತೆ. ಭಾರಿ ಕಂಬಗಳನ್ನು ಕಡಿಮೆ ಖರ್ಚಿನಲ್ಲಿ ಸಾಗಿಸುವ ಉಪಾಯ ಅವನ ಬಳಿ ಇತ್ತು. ಚಕ್ರವರ್ತಿ ಬಹುಮಾನ ಕೊಟ್ಟ, ಉಪಾಯ ಮಾತ್ರ ಬೇಡ ಅಂದ. ನನ್ನ ಬಡಜನಕ್ಕೆ ಅನ್ನ ಹಾಕಲು ಬಿಡು ಅಂದನಂತೆ. ಅದೇ ರೋಮಿನಲ್ಲಿ ಅದಕ್ಕೂ ಇನ್ನೂರು ವರ್ಷ ಮೊದಲು ಸಿರಿವಂತರು ಗುಲಾಮರಿಂದ ದೊಡ್ಡ ದೊಡ್ಡ ಹೊಲ ಮಾಡಿಸಿ, ಸಣ್ಣ ರೈತರು ಜಮೀನು ಕಳಕೊಂಡು ನಗರಕ್ಕೆ ಬಂದಿದ್ದರು. ಜಮೀನು ಹಂಚಲು ಹೊರಟ ಟೈಬೀರಿಯಸ್ ಗ್ರಾಕಸ್‌ನನ್ನು ಕ್ರಿ.ಪೂ. 133ರಲ್ಲಿ ಹೊಡೆದು ಕೊಂದರು.

ಹಾಗಾಗಿ ‘ಸತ್ತವರು ದುಡಿಯುತ್ತಾರೆ, ಬದುಕಿರುವವರು ಹಾಡು, ಚಿತ್ರ ಅಂತ ಆರಾಮಾಗಿರುತ್ತಾರೆ’ ಅನ್ನುವ ರಾಜ್ಯ ಬರೆಯುವ ಮೊದಲು ಒಂದು ಕ್ಷಣ ನಿಲ್ಲಿ. ಮೂಳೆಗಳು ಊರಿನ ಆಸ್ತಿಯಾಗಿ, ಲಾಭ ಎಲ್ಲರ ಮನೆಗೂ ಹಂಚಿಕೆಯಾದರೆ ಅದು ಆದೀತು. ಒಬ್ಬ ದಣಿಯ ಕೈಯಲ್ಲಿದ್ದರೆ ಆಗುವುದು ಬೇರೆಯೇ. ಅವನಿಗೆ ಬದುಕಿರುವ ಪ್ರಜೆಗಳಿಂದ ಏನೂ ಬೇಕಾಗಿಲ್ಲ. ಸತ್ತ ಮೇಲಾದರೆ ಬೇಕು.

ನಮ್ಮ ಗಿರಣಿಯಿಂದ ಪಕ್ಕದ ಊರಿನ ಎರಡು ಗಿರಣಿ ಮುಚ್ಚಿದವು. ಆಟಗಾರರು ಅದನ್ನು ಗಮನಿಸಲೇ ಇಲ್ಲ. ಕೆಲಸ ಕಳಕೊಂಡವರು ಬಂದು ಮೇಸ್ತ್ರಿ ಕೆಲಸ ಕೇಳಿದಾಗ ಗೊತ್ತಾಯಿತು.

ಯಾವ ಕೆಲಸಕ್ಕೂ ಬೇಡವೇ ಹಾಗಾದರೆ?

ಹಾಗೇನಿಲ್ಲ. ಬದುಕಿರುವವರನ್ನು ಕೊಲ್ಲುವ ಕೆಲಸಗಳಿವೆ. ಗಣಿಯನ್ನೇ ತೆಗೆದುಕೊಳ್ಳಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಬ್ರಿಟನ್ನಿನ ಗಣಿಗಳಲ್ಲಿ ಅದನ್ನು ಪತ್ತೆ ಹಚ್ಚಲು ಪಂಜರದಲ್ಲಿ ಕ್ಯಾನರಿ ಹಕ್ಕಿ ಒಯ್ಯುತ್ತಿದ್ದರು. ಆ ಪದ್ಧತಿ ಕೈಬಿಡಲು 1986ರ ತನಕ ಬೇಕಾಯಿತು. ಉಸಿರೇ ಇಲ್ಲದ ಆಳಿಗೆ ಆ ಅನಿಲ ಏನು ಮಾಡೀತು? ಕುಸಿದ ಸುರಂಗದಿಂದ ಜನರನ್ನು ಎಳೆದು ತರುವುದು, ಮುಳುಗಿದ ಹಡಗಿಗೆ ಇಳಿಯುವುದು, ಪ್ಲೇಗ್ ಬಂದ ಬೀದಿಗೆ ನೀರು ಹೊರುವುದು, ಇಂಥ ಕಡೆ ನಾನೂ ತಲೆಯಾಡಿಸುತ್ತೇನೆ. ಒಪ್ಪಿ ಬರೆದುಕೊಟ್ಟವರ ಮೂಳೆಯಾದರೆ ಮಾತ್ರ.

ಒಂದು ಎಚ್ಚರ ಇರಲಿ. ಒಂದು ಸಲ ಸತ್ತವರು ಗಣಿಗೆ ಇಳಿದರೆ ಗಾಳಿ ಕೊಳವೆ ಹಾಕಿಸುವವರು, ಸುರಂಗಕ್ಕೆ ಆಧಾರ ಕೊಡಿಸುವವರು ಯಾರೂ ಇರುವುದಿಲ್ಲ. ಮೂಳೆ ಮುಗಿದ ದಿನ ಅದೇ ಸುರಂಗಕ್ಕೆ ಮತ್ತೆ ಮನುಷ್ಯರು ಇಳಿಯುತ್ತಾರೆ.

ಬುದ್ಧಿ ಇರುವ ಸತ್ತವರು? ರಕ್ತಪಿಶಾಚಿ ಗುಮಾಸ್ತ, ದೆವ್ವ ಮೇಷ್ಟ್ರು?

ಸಂಬಳ ಕೊಡಿ. ಮಾತಾಡುತ್ತಾರೆ, ಬೇಡ ಅನ್ನುತ್ತಾರೆ ಅಂದಮೇಲೆ ಅವರು ಕೆಲಸಗಾರರು, ಅಷ್ಟೇ. ಇಲ್ಲಿರುವ ತೊಂದರೆ ಬೇರೆ. ಅವರು ನಿವೃತ್ತಿಯಾಗುವುದಿಲ್ಲ. ಮುನ್ನೂರು ವರ್ಷದಿಂದ ಒಂದೇ ಕುರ್ಚಿಯಲ್ಲಿ ಕೂತ ಹೆಡ್ ಗುಮಾಸ್ತನ ಕೈಕೆಳಗೆ ಬಡ್ತಿಗೆ ಕಾಯುವವರ ಪಾಡು ನೆನೆಸಿಕೊಳ್ಳಿ.

ಸತ್ತವರ ಮನೆಯವರಿಗೆ ಬಾಡಿಗೆ ಕೊಟ್ಟರೆ ಎಲ್ಲ ಸರಿಹೋಗುತ್ತದಾ? ಆ ಮುದುಕಿ ಏನು ಮಾಡಿದಳು?

ಎರಡಕ್ಕೂ ಒಂದೇ ಉತ್ತರ. ಅವಳು ಮಗನ ಮೂಳೆ ಕೇಳುತ್ತಾಳೆ, ಮಣ್ಣು ಮಾಡುತ್ತಾಳೆ ಅಂತ ಆಟಗಾರರು ಕಾದರು. ಒಬ್ಬಳು ಆಗಲೇ ಗುದ್ದಲಿ ತರಲು ಹೊರಟಿದ್ದಳು. ಮುದುಕಿ ಕಣ್ಣೊರೆಸಿಕೊಂಡು, ‘ಮೂರು ತಿಂಗಳ ಕೂಲಿ ಎಷ್ಟಾಯ್ತು?’ ಅಂತ ಕೇಳಿದಳು. ‘ರಾತ್ರಿ ಪಾಳಿನೂ ಸೇರಿಸಿ ಹೇಳಿ.’

ಆಟಗಾರರು ಒಳಗೆ ಹೋಗಿ ಲೆಕ್ಕ ಹಾಕಿದರು. ಬದುಕಿರುವ ಆಳಿನ ದಿನಗೂಲಿ, ಮೂರು ಪಾಳಿ, ತೊಂಬತ್ತು ದಿನ. ಮರಳು ಚೀಲದ ಖರ್ಚು ಹಿಡಿಯಬೇಕಾ ಅಂತ ಜಗಳವಾಯಿತು. ಕೊನೆಗೆ ಹಿಡಿಯಲಿಲ್ಲ. ಮುದುಕಿ ದುಡ್ಡನ್ನು ಎರಡು ಸಲ ಎಣಿಸಿ ಸೆರಗಿಗೆ ಕಟ್ಟಿಕೊಂಡಳು. ಆಮೇಲೆ ಮಗನ ಪಕ್ಕೆಲುಬಿನಿಂದ ಮರಳು ಚೀಲವನ್ನು ತಾನೇ ಬಿಚ್ಚಿ ನೆಲಕ್ಕಿಟ್ಟು, ಆ ಸೊಟ್ಟ ಕೈ ಹಿಡಿದು ನಡೆಸಿಕೊಂಡು ಹೋದಳು. ಬೀಸಿಸಲು ತಂದ ಕಾಳು ಅಲ್ಲೇ ಉಳಿಯಿತು.

ಗಿರಣಿಯಲ್ಲಿ ಇನ್ನೂ ಮೂವತ್ತೊಂಬತ್ತು ಇದ್ದವು. ಮಾರನೇ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಹೊರಗೆ ಸಾಲು. ನೂರಕ್ಕೂ ಮೇಲೆ ಜನ. ಒಬ್ಬರು ಮುರಿದ ಹಲ್ಲಿನ ಗುರುತು ಹೇಳುತ್ತಾರೆ, ಒಬ್ಬರು ಆರು ಬೆರಳಿತ್ತು ಅನ್ನುತ್ತಾರೆ, ಒಬ್ಬಾತ ಯಾವ ಗುರುತೂ ಇಲ್ಲದೆ ಸುಮ್ನೆ ನಿಂತಿದ್ದಾನೆ. ಅವತ್ತು ಚಕ್ರ ತಿರುಗಲಿಲ್ಲ. ನನ್ನ ಆಟಗಾರರು ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತರು. ನಾನು ಮೊದಲನೆಯವರನ್ನು ಒಳಗೆ ಕರೆದೆ.